ರಜೆಯೋ, ಕರ್ತವ್ಯವೋ: ಡ್ರೆಜರ್ ಕೊಳ್ಳಲು ಹೋದ ಬಂದರು ಇಂಜಿನಿಯರ್

ಸರ್ಕಾರಿ ನೌಕರಿ ಮಾಡಿದವರಿಗೆ ‘ಓಓಡಿ’ (ಆನ್ ಅದರ್ ಡ್ಯೂಟಿ) ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯ ಕಚೇರಿಯಲ್ಲಿಲ್ಲ, ರಜೆಯಲ್ಲೂ ಇಲ್ಲ, ಬೇರೆ ಕಡೆ ಸರ್ಕಾರದ್ದೇ ಕೆಲಸದ ಮೇಲಿದ್ದಾನೆ. ಹಾಜರಿ ಪುಸ್ತಕದಲ್ಲಿ ಆ ಮೂರಕ್ಷರ ಬಿದ್ದರೆ ಸಂಬಳ, ಭತ್ಯೆ, ಹೊಣೆ ಎಲ್ಲ ಒಂದೇ ಏಟಿಗೆ ಇತ್ಯರ್ಥವಾಗುತ್ತವೆ. ಇಲಾಖಾ ಪರೀಕ್ಷೆಗೆ ಓದುವವರಿಗೆ ರಜಾ ನಿಯಮ ಹೇಳಿಕೊಡುವಾಗ ಆ ಮೂರಕ್ಷರ ಬೀಳದೆ ಹೋದರೆ ಏನಾಗುತ್ತದೆಂದು ತೋರಿಸಲು ನಾನು ಬಳಸುವ ಪ್ರಕರಣ ಇದು.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಇಂಜಿನಿಯರ್ ಯಾರೋ ಒಬ್ಬ ವ್ಯಕ್ತಿಯಲ್ಲ, ಬಂದರು ಕೂಡ ನಕ್ಷೆಯ ಮೇಲಿನ ಒಂದು ಊರಲ್ಲ. 1890ರ ದಶಕದ ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಅರ್ಜಿಗಳು ಸಾಗುತ್ತಿದ್ದ ದಾರಿಯನ್ನು ಇಟ್ಟುಕೊಂಡು ತರಗತಿಗೆಂದೇ ಕಟ್ಟಿದ ಪ್ರಕರಣ. ಜನರ ನಡೆ, ರಜೆಯ ತಾರೀಖು, ಡ್ರೆಜರ್ (ನೀರಿನ ತಳದ ಮಣ್ಣು ತೆಗೆಯುವ ಯಂತ್ರದ ಹಡಗು) ಅಂದಾಜು ನನ್ನ ಜೋಡಣೆ. ರೂಪಾಯಿಯ ದರ, ರಜೆಯ ಬಗೆಗಳು, ಲಂಡನ್ನಿನ ಕಚೇರಿ, ಯಂತ್ರಗಳ ಗುಣ ಆ ಕಾಲದಲ್ಲಿ ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಪಶ್ಚಿಮ ಕರಾವಳಿಯ ಒಂದು ನದಿ ಬಂದರು. ಮಂಗಳೂರಿನ ಹಳೇ ಬಂದರು ಕಂಡವರಿಗೆ ಚಿತ್ರ ತಾನಾಗಿಯೇ ಕಣ್ಣಿಗೆ ಬರುತ್ತದೆ. ಒಳಗೆ ಹೊಳೆಯಲ್ಲಿ ನೀರು ಸಾಕಷ್ಟಿದೆ, ಹೊರಗೆ ಕಡಲಿದೆ, ನಡುವೆ ಅಳಿವೆ ಬಾಗಿಲಲ್ಲಿ ಮರಳಿನ ದಿಣ್ಣೆ. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಸರಕೆಲ್ಲ ದೋಣಿಯಲ್ಲಿ ಹೋಗಿ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಇಲ್ಲ. ಮಳೆಗಾಲದ ಅಲೆಗೆ ದಿಣ್ಣೆ ಜಾಗ ಬದಲಿಸುತ್ತದೆ. ನವರಾತ್ರಿ ಕಳೆದ ಮೇಲೆ ಹೋಗಿ ಆಳ ಅಳೆದರೆ ಹೋದ ವರ್ಷದ ದಾರಿ ಹೋದ ವರ್ಷದ ಜಾಗದಲ್ಲಿ ಇರುವುದಿಲ್ಲ.

ಅಲ್ಲಿನ ಬಂದರು ಇಂಜಿನಿಯರ್‌ಗೆ ಹತ್ತು ವರ್ಷಕ್ಕೂ ಮಿಕ್ಕಿದ ಸೇವೆ, ತಿಂಗಳಿಗೆ 1,200 ರೂಪಾಯಿ ಸಂಬಳ. ದಿಣ್ಣೆ ಕಡಿದು ಹಾಕಲು ಒಂದು ಡ್ರೆಜರ್ ಬೇಕೆಂದು ವರ್ಷಗಟ್ಟಲೆ ಬರೆದ. 1892-93ರಲ್ಲಿ ಮಂಜೂರಾತಿ ಸಿಕ್ಕಿತು. ಯಂತ್ರ ಬಕೆಟ್ ಮಾದರಿಯದು: ಉದ್ದನೆಯ ಏಣಿಯ ಮೇಲೆ ಉಕ್ಕಿನ ಬಕೆಟ್‌ಗಳ ಸರಪಳಿ ಸುತ್ತುತ್ತ ತಳದ ಮಣ್ಣನ್ನು ಕೆರೆದು ಮೇಲೆ ತರುತ್ತದೆ. ಸಾಲು ಗಡಿಗೆ ಕಟ್ಟಿ ಬಾವಿಯಿಂದ ನೀರೆತ್ತುವ ರಾಟೆಯನ್ನು ಓರೆಯಾಗಿ ಕಡಲಿಗಿಳಿಸಿದ ಹಾಗೆ. ಅಂದಾಜು ಬೆಲೆ 30,000 ಪೌಂಡು.

ಮಂಜೂರಾದದ್ದು ರೂಪಾಯಿಯಲ್ಲಿ, ಕೊಡಬೇಕಾದದ್ದು ಪೌಂಡಿನಲ್ಲಿ (ಆಗ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ಸ್). 1870ರ ದಶಕದ ಮೊದಲಲ್ಲಿ ಹತ್ತಿರ ಹತ್ತಿರ 2 ಶಿಲಿಂಗ್ ಬೆಲೆಯಿದ್ದ ರೂಪಾಯಿ ಬೆಳ್ಳಿಯ ಜತೆ ಕುಸಿಯುತ್ತ 1892-93ರ ಹೊತ್ತಿಗೆ 1 ಶಿಲಿಂಗ್ 3 ಪೆನ್ಸ್‌ಗೆ ಬಂದಿತ್ತು. ಆ ದರದಲ್ಲಿ 30,000 ಪೌಂಡಿಗೆ 4,80,000 ರೂಪಾಯಿ. 1893ರ ಜೂನ್‌ನಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿಗೆ ಮುದ್ರೆ ಒತ್ತುವುದನ್ನು ನಿಲ್ಲಿಸಿತು, ಆದರೂ ಇಳಿತ ನಿಲ್ಲಲಿಲ್ಲ. 1894-95ರ ಸರಾಸರಿ 1 ಶಿಲಿಂಗ್ 1 ಪೆನ್ನಿ. ಅದೇ ಡ್ರೆಜರ್, ಅದೇ ಪೌಂಡು, ಈಗ ಹತ್ತಿರ ಹತ್ತಿರ 5,54,000 ರೂಪಾಯಿ. ಯಾರೂ ಒಂದು ಮೊಳೆ ಹೆಚ್ಚಿಗೆ ಕೇಳದೆ 74,000 ರೂಪಾಯಿ ಏರಿತ್ತು. ಫೈಲಿನಲ್ಲಿ ಎಲ್ಲರೂ ಯಾಕಷ್ಟು ಅವಸರದಲ್ಲಿ ಬರೆಯುತ್ತಿದ್ದರು ಎಂಬುದಕ್ಕೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ.

ಖರೀದಿಯ ದಾರಿಯೂ ಸುತ್ತುಬಳಸು. ಬಂದರಿನವರು ನೇರವಾಗಿ ಕಾರ್ಖಾನೆಗೆ ಬರೆಯುವಂತಿಲ್ಲ. ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕಬೇಕು (ಈ ಪದ ಈಗಲೂ ನಮ್ಮ ಕಚೇರಿಗಳಲ್ಲಿ ಹಾಗೇ ಉಳಿದಿದೆ). ಅದು ಪ್ರಾಂತ ಸರ್ಕಾರದ ಮೂಲಕ ಲಂಡನ್ನಿನ ಇಂಡಿಯಾ ಆಫೀಸಿಗೆ, ಅಂದರೆ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರದ ಇಲಾಖೆಗೆ, ಹೋಗುತ್ತದೆ. ಅಲ್ಲಿ ಲ್ಯಾಂಬೆತ್‌ನ ಬೆಲ್ವೆಡಿಯರ್ ರಸ್ತೆಯಲ್ಲಿದ್ದ ಸ್ಟೋರ್ ಇಲಾಖೆ ಟೆಂಡರು ಕರೆದು, ಸಲಹಾ ಇಂಜಿನಿಯರ್‌ಗಳಿಂದ ತಪಾಸಣೆ ಮಾಡಿಸಿ, ಹಣ ಕೊಟ್ಟು, ಹಡಗಿಗೆ ಏರಿಸುತ್ತದೆ. ಯಂತ್ರ ಬಳಸುವವನು ಒಂದು ಖಂಡದಲ್ಲಿ, ಕೊಳ್ಳುವವನು ಇನ್ನೊಂದು ಖಂಡದಲ್ಲಿ. ಒಂದು ಪತ್ರ ಹೋಗಿ ಉತ್ತರ ಬರಲು ಒಂದು ತಿಂಗಳ ಮೇಲೆ. ತಂತಿ ಇತ್ತು, ಆದರೆ ಪದಕ್ಕಿಷ್ಟು ಎಂದು ದುಡ್ಡು ತೆರಬೇಕಾದಾಗ ಮರಳಿನ ಗುಣವನ್ನು ಯಾರು ವರ್ಣಿಸುತ್ತಾರೆ?

ಮೊದಲ ಅರ್ಜಿ

1894ರ ಮಾರ್ಚಿನಲ್ಲಿ ಇಂಜಿನಿಯರ್ ಎಂಟು ತಿಂಗಳ ಫರ್ಲೋ ರಜೆಯ ಮೇಲೆ ತನ್ನ ಊರಿಗೆ, ಅಂದರೆ ಇಂಗ್ಲೆಂಡಿಗೆ, ಹೊರಟ. ಫರ್ಲೋ ಎಂದರೆ ಸೇವೆಯಿಂದ ಗಳಿಸಿದ ದೀರ್ಘ ರಜೆ, ಸಂಬಳ ಅರ್ಧ. ಪೂರ್ತಿ ಸಂಬಳದ ಪ್ರಿವಿಲೇಜ್ ರಜೆ ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತಿತ್ತು. ಅರ್ಜಿಯ ಕೊನೆಯಲ್ಲಿ ಅವನೇ ಒಂದು ಸಾಲು ಸೇರಿಸಿದ: ಹೇಗೂ ಅಲ್ಲಿರುತ್ತೇನೆ, ಡ್ರೆಜರ್ ಟೆಂಡರಿನ ವಿಷಯದಲ್ಲಿ ಸ್ಟೋರ್ ಇಲಾಖೆಗೆ ಬೇಕಾದ ಸಹಾಯ ಮಾಡಬಲ್ಲೆ.

ಕಾರ್ಯದರ್ಶಿ ಬರೆದ ಆದೇಶ ನಮಗೆಲ್ಲ ಬಾಯಿಪಾಠ ಇರುವಂಥದ್ದು: ಸರ್ಕಾರಕ್ಕೆ ಯಾವುದೇ ಹೆಚ್ಚಿನ ವೆಚ್ಚವಾಗದಂತೆ ಅನುಮತಿಸಿದೆ.

ಇಡೀ ಪ್ರಕರಣದ ಬೀಜ ಈ ಸಾಲಿನಲ್ಲಿದೆ ಎಂದು ನನ್ನ ಅನಿಸಿಕೆ. ತರಗತಿಯಲ್ಲಿ ಹೆಚ್ಚಿನವರು ತಪ್ಪನ್ನು ಮುಂದಿನ ಅರ್ಜಿಯಲ್ಲಿ, ಅಂದರೆ ರಜೆ ವಿಸ್ತರಣೆಯಲ್ಲಿ ಹುಡುಕುತ್ತಾರೆ. ಆದರೆ ಈ ಅನುಮತಿ ಯಾವುದಕ್ಕೆ? ಅವನು ಸ್ಟೋರ್ ಇಲಾಖೆಗೆ ಹೋದಾಗ ಬಂದರಿನ ಪರವಾಗಿ ಮಾತಾಡುವ ಅಧಿಕಾರಿಯೋ, ಕುತೂಹಲಕ್ಕೆ ಬಂದ ರಜೆಯ ಗೃಹಸ್ಥನೋ? ಖರ್ಚಿಲ್ಲ ಎಂದಾಕ್ಷಣ ಆ ಪ್ರಶ್ನೆ ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಬಿಟ್ಟಿ ಕೆಲಸಕ್ಕೆ ಆದೇಶದಲ್ಲಿ ಜಾಗ ಕೊಡುವವರು ಯಾರು?

ಬಂದರನ್ನು ಸಹಾಯಕ ಇಂಜಿನಿಯರ್‌ಗೆ ಪ್ರಭಾರ ಕೊಟ್ಟರು.

ಲಿವರ್‌ಪೂಲಿನಲ್ಲಿ ಕಂಡದ್ದು

ಆ ಬೇಸಗೆಯಲ್ಲಿ ಇಂಜಿನಿಯರ್ ತನ್ನ ದುಡ್ಡಿನಲ್ಲೇ ರೈಲು ಹತ್ತಿ ಲಿವರ್‌ಪೂಲಿಗೆ ಹೋದ. ಅಲ್ಲಿ ಮರ್ಸಿ ನದಿಯ ಬಾಯಲ್ಲೂ ಒಂದು ದಿಣ್ಣೆ. 1890ರಲ್ಲಿ ಇಳಿತದ ಹೊತ್ತು ಅದರ ಮೇಲೆ ಸುಮಾರು 11 ಅಡಿ ನೀರು, ಅಟ್ಲಾಂಟಿಕ್ ದಾಟಿ ಬಂದ ದೊಡ್ಡ ಹಡಗುಗಳು ಭರತಕ್ಕಾಗಿ ಹೊರಗೆ ಕಾಯಬೇಕಾಗಿತ್ತು. ಆ ವರ್ಷದಿಂದ ಅಲ್ಲಿ ಮರಳನ್ನು ಪಂಪಿನಿಂದ ಹೀರಿ ತೆಗೆಯಲು ಶುರು ಮಾಡಿದ್ದರು. 1893ರಲ್ಲಿ ‘ಬ್ರ್ಯಾಂಕರ್’ ಎಂಬ ಹೊಸ ಡ್ರೆಜರ್ ಬಂತು. ಕೊಳವೆಯನ್ನು ತಳಕ್ಕಿಳಿಸಿ, ನೀರಿನ ಜತೆ ಮರಳನ್ನೂ ಹೀರಿ, ಒಂದು ಗಂಟೆಯೊಳಗೆ 3,000 ಟನ್ ಮರಳನ್ನು ತನ್ನ ಹೊಟ್ಟೆಗೆ ತುಂಬಿಕೊಂಡು ಆಳ ಕಡಲಿಗೆ ಹೋಗಿ ಸುರಿದು ಬರುವ ಹಡಗು.

ಇದರ ಮಹತ್ವ ಅಳಿವೆಯಲ್ಲಿ ಕೆಲಸ ಮಾಡಿದವನಿಗೇ ಗೊತ್ತು. ಬಕೆಟ್ ಡ್ರೆಜರ್ ನಿಂತ ನೀರಿನ ಯಂತ್ರ. ಅಲೆ ಎದ್ದರೆ ಹಡಗು ಮೇಲೆ ಕೆಳಗೆ ಆಡುತ್ತದೆ, ಏಣಿ ತಳಕ್ಕೆ ಬಡಿಯುತ್ತದೆ, ಸರಪಳಿಯ ಪಿನ್ನು ಮುರಿಯುತ್ತದೆ. ಸುತ್ತ ಲಂಗರು ಹಾಕಿ ಸರಪಳಿ ಬಿಗಿದು ನಿಲ್ಲಿಸಬೇಕು, ಆಗ ಹಾದಿಯೂ ಬಂದ್. ಹೀರುವ ಡ್ರೆಜರಿನ ಕೊಳವೆಗೆ ಕೀಲು ಇರುತ್ತದೆ, ಅಲೆಗೆ ತಕ್ಕಂತೆ ಬಳುಕುತ್ತದೆ. ತೆರೆದ ಕಡಲಿನ ದಿಣ್ಣೆಗೆ ಇದೇ ಸರಿ ಎಂದು ಇಂಜಿನಿಯರ್ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನಿಸಿದ. ಇಂಡೆಂಟ್‌ನಲ್ಲಿದ್ದುದು ಮಾತ್ರ ಬಕೆಟ್ ಡ್ರೆಜರ್.

ಅವನ ತೀರ್ಮಾನ ಸರಿಯಾಗಿತ್ತು ಎಂದೇ ನಾನು ಹೇಳುವುದು. ಬಂದರಿನಲ್ಲಿ ಕೂತಿದ್ದರೆ ಅದು ಅವನಿಗೆ ಹೊಳೆಯುತ್ತಿರಲೂ ಇಲ್ಲ. ತೊಡಕು ಏನೆಂದರೆ ಅರ್ಧ ಸಂಬಳದ ರಜೆಯಲ್ಲಿದ್ದ ಒಬ್ಬ ಮನುಷ್ಯ ಇಡೀ ಯೋಜನೆಯ ಅತಿ ಮುಖ್ಯ ತಾಂತ್ರಿಕ ನಿರ್ಧಾರ ಮಾಡಿದ್ದ, ಮಾಡುವ ಅಧಿಕಾರ ಅವನಿಗಿರಲಿಲ್ಲ.

ಎರಡನೆಯ ಅರ್ಜಿ

ಆಗಸ್ಟ್‌ನಲ್ಲಿ ಇಂಡಿಯಾ ಆಫೀಸಿಗೆ ಅವನ ಪತ್ರ ಬಂತು. ರಜೆಯಲ್ಲಿ ಇಂಗ್ಲೆಂಡಿಗೆ ಬಂದವರು ವಿಸ್ತರಣೆಯನ್ನು ಅಲ್ಲೇ ಕೇಳಬೇಕು. ಅಲ್ಲಿನವರು ಇಲ್ಲಿನ ಸರ್ಕಾರದ ಅಭಿಪ್ರಾಯ ತರಿಸಿ ನಿರ್ಧರಿಸುತ್ತಿದ್ದರು. ನವೆಂಬರಿಗೆ ಮುಗಿಯುವ ರಜೆಯನ್ನು ಇನ್ನೂ ಆರು ತಿಂಗಳು, 1895ರ ಮೇ ತನಕ ಮುಂದುವರಿಸಬೇಕು. ಕಾರಣ ಮೂರು: ಹೆಂಡತಿಗೆ ಆರೋಗ್ಯ ಸರಿಯಿಲ್ಲ, ಡ್ರೆಜರಿನ ವಿವರಪಟ್ಟಿ ಬದಲಾಗಬೇಕು, ಕಟ್ಟುವಾಗಲೂ ಕಡಲ ಪರೀಕ್ಷೆಯಲ್ಲೂ ತಾನು ಹಾಜರಿರುವುದು ಸರ್ಕಾರಕ್ಕೆ ಲಾಭ.

ಮೂರೂ ನಿಜವಿರಬಹುದು. ಆದರೆ ಒಂದೇ ಪತ್ರದಲ್ಲಿ ಬಂದದ್ದರಿಂದ ಒಂದನ್ನೊಂದು ಕೆಡಿಸಿದವು. ಕಾರ್ಯದರ್ಶಿ ಓದಿದಾಗ ಹೆಂಡತಿಯ ಕಾಯಿಲೆಗೆ ಡ್ರೆಜರ್ ನೆಪವಾಗಿ ಕಂಡಿತು. ಅಕೌಂಟೆಂಟ್ ಜನರಲ್ ಓದಿದಾಗ ಅರ್ಧ ಸಂಬಳವನ್ನು ಪೂರ್ತಿ ಸಂಬಳ ಮಾಡಿಕೊಳ್ಳುವ ಹಂಚಿಕೆಯಾಗಿ ಕಂಡಿತು. ‘ಇದು ಕರ್ತವ್ಯವೋ, ಖಾಸಗಿ ಕಾರಣದ ರಜೆಯೋ ಸ್ಪಷ್ಟಪಡಿಸುವುದು’ ಎಂಬ ಆಕ್ಷೇಪಣೆ ಬಂತು. ಸ್ಟೋರ್ ಇಲಾಖೆಗೆ ಇನ್ನೊಂದು ಬಗೆಯ ಸಿಟ್ಟು: ತಪಾಸಣೆಗೆ ನಮ್ಮ ಇಂಜಿನಿಯರ್‌ಗಳಿರುವಾಗ ಇವನ್ಯಾರು?

ಇಲ್ಲಿ ಒಂದು ಲೆಕ್ಕವನ್ನು ಯಾರಾದರೂ ಕಾಗದದ ಮೇಲೆ ಹಾಕಿದ್ದರೆ ಅರ್ಜಿ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತಿತ್ತು. ಟೆಂಡರು ತೆರೆಯುವುದು ನವೆಂಬರ್, ಕರಾರು ಡಿಸೆಂಬರ್. ಕ್ಲೈಡ್ ದಂಡೆಯ ರೆನ್‌ಫ್ರೂನಂಥ ಕಡೆ ಡ್ರೆಜರ್ ಕಟ್ಟಲು ಒಂಬತ್ತು ಹತ್ತು ತಿಂಗಳು. ಅಂದರೆ ಕಡಲ ಪರೀಕ್ಷೆ 1895ರ ಸೆಪ್ಟೆಂಬರಿಗೆ ಮೊದಲಿಲ್ಲ. ಹಾಗಾದರೆ ಮೇ ತನಕದ ರಜೆ ಯಾವುದಕ್ಕೆ? ಟೆಂಡರು, ಕರಾರಿಗಾದರೆ ಆರು ವಾರ ಸಾಕು. ಪರೀಕ್ಷೆಗಾದರೆ ಒಂದು ವರ್ಷ ಬೇಕು. ಕೇಳಿದ ಆರು ತಿಂಗಳು ಒಂದಕ್ಕೆ ಅತಿ ಹೆಚ್ಚು, ಇನ್ನೊಂದಕ್ಕೆ ಅತಿ ಕಡಿಮೆ. ಫೈಲು ಓಡಾಡಿದ್ದು ಮಾತ್ರ ಅವನ ಪ್ರಾಮಾಣಿಕತೆಯ ಸುತ್ತ.

ಸರ್ಕಾರದ ಮುಂದೆ ಮೂರು ದಾರಿಗಳಿದ್ದವು. ವಿಸ್ತರಣೆ ನಿರಾಕರಿಸಿ ವಾಪಸು ಕರೆಸಬಹುದಿತ್ತು. ಹೆಂಡತಿಯ ಕಾರಣಕ್ಕೆ ಅರ್ಧ ಸಂಬಳದ ರಜೆ ಕೊಟ್ಟು, ಡ್ರೆಜರಿನ ಗೊಡವೆ ನಿನಗೆ ಬೇಡ ಎನ್ನಬಹುದಿತ್ತು. ಇಲ್ಲವೇ ಆರು ವಾರವನ್ನು ವಿಶೇಷ ಕರ್ತವ್ಯವೆಂದು ಘೋಷಿಸಿ, ಸ್ಟೋರ್ ಇಲಾಖೆಯ ಕೈಕೆಳಗೆ ಕೂರಿಸಬಹುದಿತ್ತು. ಖರ್ಚಾಗುತ್ತಿದ್ದುದು ಉಳಿದರ್ಧ ಸಂಬಳ, ತಿಂಗಳಿಗೆ 600 ರೂಪಾಯಿಯಂತೆ ಸುಮಾರು 900 ರೂಪಾಯಿ. ರೂಪಾಯಿಯ ಕುಸಿತಕ್ಕೆ 74,000 ಕಳೆದುಕೊಂಡ ಯೋಜನೆಯಲ್ಲಿ ಈ 900ಕ್ಕೆ ಎಂಟು ವಾರ ಪತ್ರ ವ್ಯವಹಾರ ನಡೆಯಿತು.

ಕೊನೆಗೆ ಬಂದ ತಂತಿ: ವಿಸ್ತರಣೆ ಮಂಜೂರು, ಅವಧಿಯ ಸ್ವರೂಪವನ್ನು ನಂತರ ನಿರ್ಧರಿಸಲಾಗುವುದು.

ಸೀಸೆಗಳು

ಈಗ ಬಂದರಿಗೆ ಬರೋಣ. ಇಷ್ಟು ಹೊತ್ತು ಎಲ್ಲರೂ ಮರೆತಿದ್ದ ಪ್ರಭಾರಿ ಇಂಜಿನಿಯರ್ ಅಲ್ಲಿ ಸುಮ್ಮನೆ ಕೂತಿರಲಿಲ್ಲ. ಮಳೆ ನಿಲ್ಲುತ್ತಲೇ ಅಕ್ಟೋಬರಿನಲ್ಲಿ ದೋಣಿ ಹಾಕಿ ದಿಣ್ಣೆಯ ಆಳ ಅಳೆಸಿದ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುವ ಹಳೆಯ ಕ್ರಮ. ಗುಂಡಿನ ತಳದ ಗುಳಿಯಲ್ಲಿ ಕೊಬ್ಬು ಮೆತ್ತಿದರೆ ಕೆಳಗಿನ ಮಣ್ಣು ಅಂಟಿಕೊಂಡು ಬರುತ್ತದೆ, ಆದರೆ ಬರುವುದು ಮೇಲ್ಪದರ ಮಾತ್ರ. ಇವನು ಒಂದು ಹೆಜ್ಜೆ ಮುಂದೆ ಹೋಗಿ ಕಬ್ಬಿಣದ ಕೊಳವೆ ಹೊಡೆಸಿ ಆಳದ ಮಣ್ಣು ತೆಗೆಸಿದ. ಮೇಲೆ ಮರಳು. ಕೆಲವು ಅಡಿ ಕೆಳಗೆ ಗಟ್ಟಿ ನೀಲಿ ಜೇಡಿ.

ಹೀರುವ ಡ್ರೆಜರಿಗೆ ಸಡಿಲ ಮರಳು ಪಾಯಸ ಕುಡಿದ ಹಾಗೆ. ಗಟ್ಟಿ ಜೇಡಿ ಹಾಗಲ್ಲ. ಅದನ್ನು ಮೊದಲು ಕತ್ತರಿಸಬೇಕು, ಇಲ್ಲದಿದ್ದರೆ ಪಂಪು ಬರೀ ನೀರನ್ನು ಎಳೆಯುತ್ತದೆ. ಜೇಡಿಗೆ ಬಕೆಟ್ಟೇ ಸರಿ. ವಿವರಪಟ್ಟಿ ಬದಲಾಗುತ್ತಿದೆ ಎಂಬ ಸುದ್ದಿ ಪ್ರಭಾರಿಗೆ ತಲುಪಿತ್ತು. ಅವನು ನಾಲ್ಕು ಸೀಸೆಗಳಲ್ಲಿ ಮಣ್ಣು ತುಂಬಿ, ಮೇಣ ಹಾಕಿ ಮುಚ್ಚಿ, ಪ್ರತಿಯೊಂದಕ್ಕೂ ಆಳದ ಚೀಟಿ ಅಂಟಿಸಿ, ಒಂದು ಪತ್ರದ ಜತೆ ಲಂಡನ್ನಿಗೆ ಪಾರ್ಸೆಲ್ ಕಳಿಸಿದ.

ಆದರೆ ಯಾರ ವಿಳಾಸಕ್ಕೆ? ಸ್ಟೋರ್ ಇಲಾಖೆಗೆ ನೇರ ಬರೆಯಲು ಪ್ರಭಾರಿಗೆ ಅಧಿಕಾರವಿಲ್ಲ, ಕಾರ್ಯದರ್ಶಿಯ ಮೂಲಕ ಹೋಗಬೇಕು, ಅದಕ್ಕೆ ಮೂರು ವಾರ. ಇಂಜಿನಿಯರ್ ಕರ್ತವ್ಯದ ಮೇಲಿದ್ದಿದ್ದರೆ ಅವನ ಹುದ್ದೆಯ ಹೆಸರಿಗೆ, ಬೆಲ್ವೆಡಿಯರ್ ರಸ್ತೆಗೆ ಕಳಿಸಬಹುದಿತ್ತು. ರಜೆಯಲ್ಲಿದ್ದುದರಿಂದ ಅವನ ಖಾಸಗಿ ಹೆಸರಿಗೆ, ರಜೆಯ ಅಧಿಕಾರಿಗಳ ಟಪಾಲು ಮತ್ತು ಹಣ ನೋಡಿಕೊಳ್ಳುತ್ತಿದ್ದ ಏಜೆಂಟರ ವಿಳಾಸಕ್ಕೆ ಕಳಿಸಿದ. ಇಂಜಿನಿಯರ್ ಆಗ ಹೆಂಡತಿಯ ಹವಾ ಬದಲಾವಣೆಗೆಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಊರಿಗೆ ಹೋಗಿದ್ದ. ಏಜೆಂಟರು ಪತ್ರಗಳನ್ನು ಮುಂದೆ ಕಳಿಸುತ್ತಿದ್ದರು. ಸೀಸೆಯ ಪೆಟ್ಟಿಗೆ ಒಡೆದೀತೆಂದು ಇಟ್ಟುಕೊಂಡರು. ಒಳಗಿನ ಪತ್ರವೂ ಪೆಟ್ಟಿಗೆಯಲ್ಲೇ ಉಳಿಯಿತು.

ಹೀರುವ ಡ್ರೆಜರಿನ ಕರಾರಿಗೆ ಸಹಿ ಬಿದ್ದು ಹತ್ತು ದಿನಕ್ಕೆ ಅವನು ಆ ಪೆಟ್ಟಿಗೆ ಬಿಚ್ಚಿದ.

ಆಮೇಲೆ ಅವನು ಮಾಡಿದ್ದು ಪ್ರಕರಣದಲ್ಲಿ ಅವನ ಮೇಲೆ ಹೊರಿಸಬಹುದಾದ ನಿಜವಾದ ತಪ್ಪು. ಸ್ಟೋರ್ ಇಲಾಖೆಗೆ ಹೋಗಿ ಸೀಸೆಗಳನ್ನು ಮೇಜಿನ ಮೇಲಿಡಬೇಕಿತ್ತು. ಹಾಗೆ ಮಾಡಿದರೆ ವಿವರಪಟ್ಟಿ ಬದಲಿಸಿದ್ದು ತಾನೇ ಎಂಬ ಮಾತು ಏಳುತ್ತಿತ್ತು. ಅದನ್ನು ಬಿಟ್ಟು ಹಡಗು ಕಟ್ಟುವವರಿಗೆ ಖಾಸಗಿಯಾಗಿ ಬರೆದ: ಕೊಳವೆಯ ಬಾಯಿಗೆ ಮಣ್ಣು ಕೊರೆಯುವ ಹಲ್ಲು ಕೂರಿಸಲು ಸಾಧ್ಯವೇ? ಅವರು ಸಹಜವಾಗಿ, ಹೆಚ್ಚಿನ ದರ ನಮೂದಿಸಿ, ಆ ಪತ್ರವನ್ನೇ ಸ್ಟೋರ್ ಇಲಾಖೆಗೆ ಕಳಿಸಿದರು. ರಜೆಯಲ್ಲಿರುವ ಅಧಿಕಾರಿಯೊಬ್ಬ ಗುತ್ತಿಗೆದಾರರ ಜತೆ ನೇರ ವ್ಯವಹಾರ ನಡೆಸುತ್ತಿದ್ದಾನೆ ಎಂದು ಇಲಾಖೆ ವರದಿ ಮಾಡಿತು. ಹಲ್ಲಿನ ಪ್ರಶ್ನೆ ಅಲ್ಲಿಗೆ ಸತ್ತಿತು. ಜೇಡಿ ಇರುವ ವಿಷಯ ಆ ವರದಿಯಲ್ಲಿ ಬರಲೇ ಇಲ್ಲ.

ಆದದ್ದು

1895ರ ಏಪ್ರಿಲ್‌ನಲ್ಲಿ ಇಂಜಿನಿಯರ್ ಮತ್ತೆ ವಿಸ್ತರಣೆ ಕೇಳಿದ. ಈ ಸಲದ ವಾದ ನ್ಯಾಯವಾಗಿತ್ತು: ಜೂನ್‌ನಿಂದ ಬಂದರು ಬಂದ್, ಅಲ್ಲಿ ಬಂದು ನಾನು ಮಳೆ ನೋಡುತ್ತ ಕೂರುವುದಕ್ಕಿಂತ ಸೆಪ್ಟೆಂಬರಿನ ಕಡಲ ಪರೀಕ್ಷೆ ಮುಗಿಸಿ ಡ್ರೆಜರ್ ಜತೆಗೇ ಬರುತ್ತೇನೆ. ಮೊದಲ ಬಾರಿ ಕೊಡಬಾರದ್ದನ್ನು ಅರ್ಧಂಬರ್ಧ ಕೊಟ್ಟ ಸರ್ಕಾರ ಈ ಬಾರಿ ಕೊಡಬೇಕಾದ್ದನ್ನು ನಿರಾಕರಿಸಿತು. ಮೇ ಕೊನೆಗೆ ಬಂದಿಳಿದ ಅವನು ನಿಜಕ್ಕೂ ಮಳೆ ನೋಡುತ್ತ ಕೂತ. ಮಣ್ಣು ಬಲ್ಲ ಪ್ರಭಾರಿಯನ್ನು ಅದೇ ವಾರ ಬೇರೆ ಜಿಲ್ಲೆಗೆ ವರ್ಗ ಮಾಡಿದ್ದರು.

ಡ್ರೆಜರ್ ಸೂಯೆಜ್ ಕಾಲುವೆ ದಾಟಿ ಡಿಸೆಂಬರಿನಲ್ಲಿ ಬಂತು. ಕೆಲಸದ ಕಾಲದ ಎರಡು ತಿಂಗಳು ಆಗಲೇ ಹೋಗಿತ್ತು. ಶುರುವಿನಲ್ಲಿ ಕೆಲಸ ನೋಡಲು ಊರೇ ನೆರೆಯಿತು. ಬಕೆಟ್ ಡ್ರೆಜರ್ ಆಗಿದ್ದರೆ ಲಂಗರು ಕಿತ್ತು ಒಳಗೆ ಓಡಬೇಕಾದಂಥ ಅಲೆಯಲ್ಲೂ ಅದು ಮರಳು ಹೀರಿತು. ಫೆಬ್ರವರಿ ಕೊನೆಗೆ ಕೊಳವೆ ಜೇಡಿಗೆ ಮುಟ್ಟಿತು. ಆಮೇಲೆ ಬಂದದ್ದು ಬಣ್ಣದ ನೀರು. ಕೋರಿದ್ದ ಆಳಕ್ಕೆ ಕೆಲವು ಅಡಿ ಕಡಿಮೆಯಲ್ಲೇ ಕಾಲುವೆ ನಿಂತಿತು. ಮುಂದಿನ ಎರಡು ಋತುಗಳಿಗೆ ಬೇರೆ ಬಂದರಿನಿಂದ ಒಂದು ಹಳೆಯ ಬಕೆಟ್ ಡ್ರೆಜರನ್ನು ಬಾಡಿಗೆಗೆ ತಂದು, ಅಲೆ ಇಲ್ಲದ ದಿನ ನೋಡಿ ಜೇಡಿ ಕಡಿಸಿದರು.

ರೂಪಾಯಿ ಮಾತ್ರ ಎಲ್ಲರನ್ನೂ ನೋಡಿ ನಕ್ಕಿತು. ಅದು 1894-95ರಲ್ಲೇ ತಳ ಮುಟ್ಟಿತ್ತು; ಅಲ್ಲಿಂದ ಏರುತ್ತ ದಶಕದ ಕೊನೆಗೆ 1 ಶಿಲಿಂಗ್ 4 ಪೆನ್ಸ್‌ಗೆ ಬಂದು ನಿಂತಿತು. ಅವಸರ ಮಾಡದೆ ಒಂದು ವರ್ಷ ಕಾದು, ಮಣ್ಣು ಪರೀಕ್ಷೆ ಮಾಡಿಸಿ ಕೊಂಡಿದ್ದರೆ ಅಗ್ಗಕ್ಕೂ ಸಿಗುತ್ತಿತ್ತು. ಇದನ್ನು ಆಗ ಯಾರೂ ತಿಳಿದಿರಲು ಸಾಧ್ಯವಿರಲಿಲ್ಲ, ಹಾಗಾಗಿ ಅದನ್ನು ಯಾರ ತಪ್ಪಿಗೂ ಲೆಕ್ಕ ಹಾಕುವುದಿಲ್ಲ.

ರಜೆಯ ‘ಸ್ವರೂಪ’ 1897ರಲ್ಲಿ ನಿರ್ಧಾರವಾಯಿತು. ಟೆಂಡರಿನಿಂದ ಕರಾರಿನವರೆಗಿನ ಆರು ವಾರ ಕರ್ತವ್ಯ, ಉಳಿದದ್ದು ಫರ್ಲೋ. ಮೂರು ವರ್ಷ ಮೊದಲೇ ಬರೆಯಬಹುದಾಗಿದ್ದ ಅದೇ ಆರು ವಾರ. ಲಿವರ್‌ಪೂಲಿನ ರೈಲು ಚಾರ್ಜು ಕೊಡಲಿಲ್ಲ, ಅದು ಕರ್ತವ್ಯದ ಅವಧಿಗೆ ಮೊದಲಿನದು ಎಂಬ ಕಾರಣಕ್ಕೆ. ಇಡೀ ರಜೆಯಲ್ಲಿ ಸರ್ಕಾರಕ್ಕೆ ಅತಿ ಹೆಚ್ಚು ಉಪಯೋಗವಾದ ಪ್ರಯಾಣ ಅದು.

ತರಗತಿಯಲ್ಲಿ

ಸರ್ಕಾರಿ ನೌಕರರ 1922ರ ಮೂಲ ನಿಯಮಗಳಲ್ಲಿ (ಫಂಡಮೆಂಟಲ್ ರೂಲ್ಸ್) ‘ಕರ್ತವ್ಯ’ ಎಂಬುದಕ್ಕೆ ಪ್ರತ್ಯೇಕ ವ್ಯಾಖ್ಯೆ ಯಾಕಿದೆ, ಹೊರದೇಶದ ನಿಯೋಜನೆಗೆ ಬೇರೆ ನಿಯಮ ಯಾಕಿದೆ ಎಂದು ಕೇಳುವವರಿಗೆ ಇಂಥ ಫೈಲುಗಳೇ ಉತ್ತರ. ಮೈಸೂರು ರಾಜ್ಯದ ಹೆಸರಿನಲ್ಲಿ ಬಂದು ಈಗ ಕರ್ನಾಟಕದ್ದೆನಿಸಿರುವ ನಮ್ಮ 1958ರ ಸೇವಾ ನಿಯಮಾವಳಿಯೂ ಆ ವಂಶದ್ದೇ. ಪ್ರಕರಣ ಓದಿಸಿದ ಮೇಲೆ ನಾನು ಕೊಡುವ ಕೆಲಸ ಒಂದೇ: 1894ರ ಮಾರ್ಚಿನ ಆ ಆದೇಶವನ್ನು ನೀವು ಬರೆದು ತೋರಿಸಿ. ಬಹಳಷ್ಟು ಜನ ‘ಹೆಚ್ಚಿನ ವೆಚ್ಚವಾಗದಂತೆ’ ಎಂದೇ ಮೊದಲು ಮಾಡುತ್ತಾರೆ, ಕೈ ಪಳಗಿದೆ. ಚೆನ್ನಾಗಿ ಬರೆದವರು ಮೂರು ಸಂಗತಿ ಸೇರಿಸುತ್ತಾರೆ: ಯಾವ ದಿನದಿಂದ ಯಾವ ದಿನದವರೆಗೆ ಕರ್ತವ್ಯ, ಆ ದಿನಗಳಲ್ಲಿ ಯಾರ ಕೈಕೆಳಗೆ, ಬಂದರಿನಿಂದ ಬರುವ ಟಪಾಲು ಯಾವ ವಿಳಾಸಕ್ಕೆ. ಇಂಜಿನಿಯರ್ ಪ್ರಾಮಾಣಿಕನೋ ಅಲ್ಲವೋ ಎಂದು ಚರ್ಚೆ ಎಳೆಯುವವರನ್ನು ನಾನು ತಡೆಯುವುದಿಲ್ಲ. ಆದರೆ ಗಂಟೆ ಹೊಡೆಯುವ ತನಕ ಅದು ಮುಗಿಯುವುದಿಲ್ಲ ಎಂಬುದನ್ನು ಅವರೇ ನೋಡಲಿ ಎಂದು ಬಿಡುತ್ತೇನೆ.

ಒಂದು ಸಲ ಹಿಂದಿನ ಸಾಲಿನಲ್ಲಿ ಕೂತಿದ್ದ ದ್ವಿತೀಯ ದರ್ಜೆ ಸಹಾಯಕಿಯೊಬ್ಬರು ಕೈಯೆತ್ತಿದರು. ‘ಸಾರ್, ಆ ಸೀಸೆ ಪಾರ್ಸೆಲ್ ಖರ್ಚು ಯಾರು ಕೊಟ್ರು?’

ಪ್ರಕರಣ ಕಟ್ಟಿದ ನನಗೇ ಅದು ಹೊಳೆದಿರಲಿಲ್ಲ. ಅವರೇ ಉತ್ತರವನ್ನೂ ಹೇಳಿದರು: ‘ಪ್ರಭಾರಿನೇ ಕೈಯಿಂದ ಹಾಕಿರ್ತಾರೆ ಸಾರ್. ಬಿಲ್ ಹಾಕ್ಬೇಕಂದ್ರೆ ಯಾವ ಲೆಕ್ಕ ಶೀರ್ಷಿಕೆ ಅಂತ ಬರೀಬೇಕಲ್ಲ.’